ದೊಡ್ಡಪ್ಪನ 1973ರ ಎಂಜಿಬಿ ಮಾರಬೇಕು. ನ್ಯಾಯವಾದ ಬೆಲೆ ಎಷ್ಟು?

ಸದಾಶಿವಗಡ:

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ ಕಾರು ಮಾರಬೇಕಾಗಿದೆ. ಇಂಗ್ಲೆಂಡಿನ ಎಂಜಿ ಕಂಪನಿಯ ಎಂಜಿಬಿ ರೋಡ್‌ಸ್ಟರ್, 1973ರ ಮಾಡೆಲ್. ಎರಡೇ ಸೀಟು, ಬಟ್ಟೆಯ ಹುಡ್, ಕ್ರೋಮ್ ಬಂಪರ್, ಸ್ಪೋಕ್ ವೀಲ್. ಬಣ್ಣ ಕಡು ಹಸಿರು.

ದೊಡ್ಡಪ್ಪ ಮರ್ಚೆಂಟ್ ನೇವಿಯಲ್ಲಿ ಎಂಜಿನಿಯರ್ ಆಗಿದ್ದರು. ಇಂಗ್ಲೆಂಡಿನಲ್ಲಿದ್ದಾಗ ಇದನ್ನು ಕೊಂಡರು. ಊರಿಗೆ ಮರಳುವಾಗ ಹಡಗಿನಲ್ಲಿ ಮುಂಬೈಗೆ ತರಿಸಿದರು. ನಿವೃತ್ತಿಯ ನಂತರ ಕಾರವಾರದಲ್ಲೇ ಕೆಎ 30 ನಂಬರ್ ಮಾಡಿಸಿದರು. ಆರ್‌ಸಿ 2019ಕ್ಕೆ ಮುಗಿದಿದೆ. ಆಮೇಲೆ ಅವರ ಆರೋಗ್ಯ ಕೆಟ್ಟಿತು, ಕಾರು ಶೆಡ್ಡಿನಲ್ಲೇ ನಿಂತಿತು. ಹೋದ ವರ್ಷ ಅವರು ತೀರಿಕೊಂಡರು. ದೊಡ್ಡಮ್ಮ ಪುಣೆಯಲ್ಲಿರುವ ಮಗನ ಮನೆಗೆ ಹೋಗುತ್ತಿದ್ದಾರೆ, ಇಲ್ಲಿನ ಮನೆ ಬಾಡಿಗೆಗೆ ಕೊಡುತ್ತೇವೆ. ಶೆಡ್ಡು ಇದ್ದರೂ ಕಾರು ನೋಡಿಕೊಳ್ಳುವವರು ಇರೋದಿಲ್ಲ. ಮಳೆಗಾಲಕ್ಕೆ ಮುಂಚೆ ಕೊಡಬೇಕು ಅಂತ ಎಲ್ಲರೂ ಒಪ್ಪಿದ್ದೇವೆ.

ಸಮಸ್ಯೆ ಬೆಲೆಯದು. ಪುಣೆಯ ಅಣ್ಣ ಇಂಗ್ಲೆಂಡಿನ ಜಾಹೀರಾತು ನೋಡಿ, ಪೌಂಡನ್ನು ರೂಪಾಯಿಗೆ ತಿರುಗಿಸಿ, ಅದರ ಮೇಲೆ ಇಲ್ಲಿಯ ಆಮದು ಡ್ಯೂಟಿ ಸೇರಿಸಿ 20 ಲಕ್ಷಕ್ಕೆ ಕಡಿಮೆ ಕೊಡಬೇಡ ಅನ್ನುತ್ತಾನೆ. ಗೋವಾದಿಂದ ಬಂದ ಒಬ್ಬ ಬ್ರೋಕರ್ ಹತ್ತು ನಿಮಿಷ ನೋಡಿ 2.75 ಲಕ್ಷ ಅಂದರು. ಪೂರ್ತಿ ನಗದು, ನಾಳೆಯೇ ಗಾಡಿ ತರುತ್ತೇನೆ, ಆರ್‌ಸಿ ಹೇಗಿದ್ದರೂ ಪರವಾಗಿಲ್ಲ ಅಂದರು. ದೊಡ್ಡಮ್ಮನಿಗೆ ದುಡ್ಡಿಗಿಂತ, ಅದನ್ನು ಬಿಡಿಭಾಗ ಮಾಡಿ ಮಾರುವವರ ಕೈಗೆ ಕೊಡಬಾರದು ಅನ್ನೋದು ಮುಖ್ಯ. ನನಗೂ ಹಾಗೆಯೇ. ನಾನು ಶಾಲೆಯಲ್ಲಿ ಪಾಠ ಮಾಡುವವಳು, ಕಾರಿನ ಒಳಗಿನ ವಿಷಯ ಗೊತ್ತಿಲ್ಲ. ಈ ಎರಡು ಸಂಖ್ಯೆಗಳಲ್ಲಿ ಯಾವುದಕ್ಕೆ ಹತ್ತಿರ ಇರಬೇಕು? ಲೆಕ್ಕ ಹಾಕೋದು ಹೇಗೆ?

ಕುಮಟಾ ರೈಡರ್:

ಅಕ್ಕಾ, ಮೊದಲನೆಯದಾಗಿ ಆ ಬ್ರೋಕರಿಗೆ ಕೊಡಬೇಡಿ. ಇಂಥ ಕಾರು ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಇದೆಯೋ ಇಲ್ಲವೋ. ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿ, ಓಡುವ ವಿಡಿಯೋ ತೆಗೆಯಿರಿ. ಓಡುವ ಕಾರಿಗೆ ಬೆಲೆ ಬೇರೆ. ಸ್ಟಾರ್ಟ್ ಆಗದಿದ್ದರೆ ಯಾವುದಾದರೂ ಮಾರುತಿ ಎಂಜಿನ್ ಕೂರಿಸುವವರು ಹುಬ್ಬಳ್ಳಿ ಕಡೆ ಸಿಗುತ್ತಾರೆ. ಒಂದು ಕೈ ಪೇಂಟ್ ಹೊಡೆಸಿದರೆ 12–15 ಲಕ್ಷಕ್ಕೆ ಖಂಡಿತ ಹೋಗುತ್ತೆ.

ಅಂಬಾಸಿಡರ್ ಮೇಸ್ತ್ರಿ, ಶಿರಸಿ:

ಸದಾಶಿವಗಡದವರೇ, ಸ್ವಲ್ಪ ಉದ್ದ ಬರೆಯುತ್ತೇನೆ. ಸಾವಕಾಶ ಓದಿ.

ನಾನು ಶಿರಸಿಯಲ್ಲಿ ಬನವಾಸಿ ರಸ್ತೆ ಕಡೆ ಗ್ಯಾರೇಜ್ ಇಟ್ಟುಕೊಂಡವನು. ಕೈಗೆ ಹತ್ತಿದ್ದೆಲ್ಲ ಅಂಬಾಸಿಡರ್ ಕೆಲಸ. ಎಂಜಿಬಿ ಬಗ್ಗೆ ಇವನಿಗೇನು ಗೊತ್ತು ಅಂತ ಅನ್ನಿಸಬಹುದು. ಹಳೆ ಪೆಟ್ರೋಲ್ ಅಂಬಾಸಿಡರಿನ 1489 ಸಿಸಿ ಎಂಜಿನ್ ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ ಸೀರೀಸ್. ಎಂಜಿಬಿಯ 1798 ಸಿಸಿ ಎಂಜಿನ್ ಕೂಡ ಅದೇ ಬಿ ಸೀರೀಸ್. ಒಂದೇ ಮನೆಯ ಅಣ್ಣ ತಮ್ಮ ಅನ್ನಿ. ನಿಮ್ಮದರಲ್ಲಿ ಕ್ರ್ಯಾಂಕಿಗೆ, ಅಂದರೆ ಎಂಜಿನ್ ಒಳಗೆ ತಿರುಗುವ ಮುಖ್ಯ ದಂಡಕ್ಕೆ, ಐದು ಬೇರಿಂಗ್ ಇರುತ್ತೆ, 1964ರವರೆಗಿನ ಎಂಜಿಬಿಯಲ್ಲಿ ಮೂರೇ ಇತ್ತು. ಗಟ್ಟಿ ಎಂಜಿನ್. ನಮ್ಮ ಕಡೆಯ ಹಳೆ ಅಂಬಾಸಿಡರ್ ಮೆಕ್ಯಾನಿಕ್ ಯಾರೇ ಆದರೂ ಬಾನೆಟ್ ಎತ್ತಿದ ಕೂಡಲೆ ಗುರುತು ಹಿಡಿಯುತ್ತಾರೆ. ಹಾಗಾಗಿ ಎಂಜಿನ್ ಬಗ್ಗೆ ಜಾಸ್ತಿ ಚಿಂತೆ ಬೇಡ. ಈ ಕಾರಿನ ಬೆಲೆ ಇರೋದು ಬೇರೆ ಎರಡು ಕಡೆ: ಕಾಗದಪತ್ರದಲ್ಲಿ ಮತ್ತು ಬಾಗಿಲ ಕೆಳಗಿನ ತಗಡಿನಲ್ಲಿ.

ಕುಮಟಾದವರು ಒಳ್ಳೆ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಅವರು ಹೇಳಿದ ಮೂರೂ ಕೆಲಸ ದಯವಿಟ್ಟು ಮಾಡಬೇಡಿ.

ಒಂದು, ಬ್ಯಾಟರಿ ಕಟ್ಟಿ ಸೆಲ್ಫ್ ಹೊಡೆಯೋದು. ವರ್ಷಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ಪೆಟ್ರೋಲ್ ಕೆಟ್ಟು ಅಂಟಾಗಿರುತ್ತೆ. ಪಿಸ್ಟನ್ ರಿಂಗ್ ಸಿಲಿಂಡರಿಗೆ ಹಿಡಿದಿರಬಹುದು. ಹಳೆ ಪೆಟ್ರೋಲ್ ಪೈಪಿನ ರಬ್ಬರು ಬಿರುಕು ಬಿಟ್ಟಿರುತ್ತೆ. ಈಗ ಬಂಕಿನಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲ್ ಹಾಕಿದರೆ ಆ ಕಾಲದ ರಬ್ಬರು ಇನ್ನೂ ಬೇಗ ಹಾಳಾಗುತ್ತೆ. ಬಿಸಿ ಸೈಲೆನ್ಸರ್ ಪೈಪಿನ ಹತ್ತಿರ ಪೆಟ್ರೋಲ್ ಸೋರಿದರೆ ಶೆಡ್ಡೂ ಹೋಗುತ್ತೆ. ಮೊದಲು ಪ್ಲಗ್ ನಾಲ್ಕನ್ನೂ ಬಿಚ್ಚಿಸಿ. ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ನಾಲ್ಕೈದು ದಿನ ಹಾಗೇ ಇಡಿ. ಆಮೇಲೆ ಪ್ಲಗ್ ಇಲ್ಲದೆಯೇ ನಾಲ್ಕನೇ ಗೇರಿನಲ್ಲಿ ಹಾಕಿ ಕಾರನ್ನು ಮೆಲ್ಲಗೆ ತಳ್ಳಿದರೆ ಎಂಜಿನ್ ತಿರುಗುತ್ತಾ ನೋಡಿ. ತಿರುಗಿದರೆ ಸಾಕು. ಅದೇ ದೊಡ್ಡ ಸುದ್ದಿ.

ಎರಡು, ಬೇರೆ ಎಂಜಿನ್. ಇದನ್ನು ಯಾರು ಹೇಳಿದರೂ ಒಪ್ಪಬೇಡಿ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ಅಂತ ಪ್ರತ್ಯೇಕ ನೋಂದಣಿ ಶುರು ಮಾಡಿತು. ಅದಕ್ಕೆ ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಮಾರುತಿ ಎಂಜಿನ್ ಕೂರಿಸಿದ ದಿನ ಆ ಬಾಗಿಲು ಮುಚ್ಚಿತು. ಹಳೆ ಕಾರು ಪ್ರೀತಿಸುವವನೂ ಅದನ್ನು ಮುಟ್ಟೋದಿಲ್ಲ.

ಮೂರು, ಪೇಂಟ್. ಮಾರುವ ಮುಂಚೆ ಹೊಡೆಸಿದ ಹೊಸ ಬಣ್ಣ ನೋಡಿದರೆ ತಿಳಿದ ಗಿರಾಕಿಗೆ ಮೊದಲು ಬರೋದು ಅನುಮಾನ. ಕೆಳಗೆ ಏನು ಮುಚ್ಚಿದ್ದಾರೆ ಅಂತ ಯೋಚಿಸುತ್ತಾನೆ. ಮಾಸಿದ ಹಳೆ ಬಣ್ಣವೇ ಇರಲಿ. ಅದು ಸತ್ಯ ಹೇಳುತ್ತೆ.

ಈಗ ತಗಡಿನ ವಿಷಯ. ಇದನ್ನು ನೀವೇ ನೋಡಬಹುದು. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಮೇಲೆ ಗಟ್ಟಿ ಛಾವಣಿ ಕೂಡ ಇಲ್ಲ. ಹಾಗಾಗಿ ಇಡೀ ಕಾರನ್ನು ಬಗ್ಗದಂತೆ ಹಿಡಿದಿರೋದು ಬಾಗಿಲ ಕೆಳಗೆ ಉದ್ದಕ್ಕೂ ಇರುವ ಪಟ್ಟಿ. ಅದಕ್ಕೆ ಸಿಲ್ ಅನ್ನುತ್ತಾರೆ. ಹೊರಗೆ ಕಾಣುವುದು ಒಂದು ಪದರ, ಒಳಗೆ ಇನ್ನೂ ಪದರಗಳಿವೆ. ನೀರು ಒಳಗೆ ನಿಂತು ಒಳಗಿನಿಂದಲೇ ತಿನ್ನುತ್ತೆ. ಕಾರವಾರದ ಉಪ್ಪು ಗಾಳಿಗೆ ಮನೆಯ ಕಿಟಕಿ ಸರಳೇ ಉಳಿಯೋದಿಲ್ಲ, ಇನ್ನು ಇಂಗ್ಲೆಂಡಿನ ಆ ತಗಡು ಎಲ್ಲಿ ಉಳಿಯಬೇಕು ಹೇಳಿ.

ಒಂದು ಸಣ್ಣ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಸಿಲ್ ಉದ್ದಕ್ಕೂ ಸರಿಸಿ. ಹಿಡಿಯದ ಕಡೆ ತಗಡಿಲ್ಲ, ಪುಟ್ಟಿ ಇದೆ. ಮುಂದಿನ ಮಡ್‌ಗಾರ್ಡಿನ ಹಿಂದಿನ ಕೆಳ ತುದಿಯಲ್ಲೂ ಹೀಗೆಯೇ ನೋಡಿ. ಒಳಗೆ ಮ್ಯಾಟ್ ಎತ್ತಿ ಕಾಲಿಡುವ ತಳ ನೋಡಿ. ಸೀಟಿನ ಹಿಂದೆ ತಳದ ಕೆಳಗೆ ಎರಡು 6 ವೋಲ್ಟ್ ಬ್ಯಾಟರಿಯ ಪೆಟ್ಟಿಗೆ ಇವೆ, ನಿಮ್ಮ ಮಾಡೆಲಿಗೆ ಹಾಗೆ ಬರುತ್ತಿತ್ತು. ಆಸಿಡ್ ಚೆಲ್ಲಿ ಅವು ಹೋಗಿರುತ್ತವೆ. ಹಿಂದಿನ ಪಟ್ಟಿ ಸ್ಪ್ರಿಂಗ್ ಬಾಡಿಗೆ ಕೂರುವ ಜಾಗ ಮುಖ್ಯ. ಕೊನೆಗೆ ಒಬ್ಬ ಮೆಕ್ಯಾನಿಕ್‌ನನ್ನು ಕರೆದು, ಒಂದು ಬದಿ ನಿಧಾನಕ್ಕೆ ಜಾಕ್ ಎತ್ತಿಸಿ, ಬಾಗಿಲ ಹಿಂದಿನ ಸಂದಿ ನೋಡಿ. ಸಂದಿ ಹಾಗೇ ಇದ್ದರೆ ಕಾರು ಗಟ್ಟಿ. ಸಂದಿ ಕಿರಿದಾದರೆ ಸಿಲ್ ಸತ್ತಿದೆ. ಜಾಕ್ ಮೇಲಿರುವಾಗ ಯಾರೂ ಕೆಳಗೆ ನುಗ್ಗಬೇಡಿ.

ನಂಬರುಗಳನ್ನೂ ನೋಡಿ. ಚಾಸಿ ನಂಬರ್ ಜಿಎಚ್‌ಎನ್5 ಅಂತ ಶುರುವಾಗಬೇಕು, ಎಂಜಿನ್ ನಂಬರ್ 18ವಿ ಅಂತ. ಎರಡೂ ಆರ್‌ಸಿಯಲ್ಲಿ ಇರುವುದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಓವರ್‌ಡ್ರೈವ್ (ವೇಗದಲ್ಲಿ ಎಂಜಿನ್ ನಿಧಾನ ತಿರುಗುವಂತೆ ಮಾಡುವ ಹೆಚ್ಚುವರಿ ಗೇರು) ಇದೆಯಾ ತಿಳಿಯಿರಿ, ಇದ್ದರೆ ಬೆಲೆ ಏರುತ್ತೆ. ಇಷ್ಟು ಆದ ಮೇಲೆ ಬರೆಯಿರಿ, ಬೆಲೆ ಮಾತಾಡೋಣ. ಈಗಲೇ ಒಂದು ಸಂಖ್ಯೆ ಹೇಳಿದರೆ ಅದು ಗಾಳಿಯ ಮಾತು.

ಇಂಗ್ಲೆಂಡಿನ ಬೆಲೆ ಬಗ್ಗೆ ನಿಮ್ಮ ಅಣ್ಣನಿಗೆ ಇಷ್ಟು ಹೇಳಿ. ಅಲ್ಲಿ ಇದು ಅಪರೂಪದ ಕಾರಲ್ಲ. 1962ರಿಂದ 1980ರವರೆಗೆ 5 ಲಕ್ಷಕ್ಕೂ ಜಾಸ್ತಿ ತಯಾರಾದವು. 1988ರಿಂದ ಹೊಸ ಬಾಡಿ ಶೆಲ್ (ಕಾರಿನ ಬರಿ ತಗಡಿನ ಬಾಡಿ) ಕೂಡ ಮಾಡಿ ಮಾರುತ್ತಿದ್ದಾರೆ. ಬೇಕಾದ ಪಾರ್ಟ್ ಬೇಕಾದಾಗ ಸಿಗುತ್ತೆ, ಮನೆ ಹತ್ತಿರವೇ ಕೆಲಸಗಾರ ಇರುತ್ತಾನೆ. ಜಾಹೀರಾತಿನಲ್ಲಿ ಕಾಣೋದು ಅಂಥ ಊರಿನಲ್ಲಿ ಓಡುವ ಕಾರಿಗೆ ಕೇಳುವ ಬೆಲೆ, ಸಿಕ್ಕಿದ ಬೆಲೆ ಅಲ್ಲ. ಮೇಲೆ ಡ್ಯೂಟಿ ಸೇರಿಸೋದು ಇನ್ನೂ ತಪ್ಪು ಲೆಕ್ಕ. ಹಳೆ ಕಾರನ್ನು ಹಾಗೆ ಸುಲಭವಾಗಿ ಇಲ್ಲಿಗೆ ತರಿಸೋಕೆ ಬರೋದಿಲ್ಲ. ಆದ್ದರಿಂದಲೇ ಈಗಾಗಲೇ ಭಾರತದ ನಂಬರ್ ಇರುವ, ಕಸ್ಟಮ್ಸ್ ಕಾಗದ ಇರುವ ಕಾರಿಗೆ ಒಂದು ತೂಕ ಇದೆ. ಆದರೆ ಕೊಳ್ಳುವವರು ಬೆರಳೆಣಿಕೆ. ಎರಡನ್ನೂ ಒಟ್ಟಿಗೆ ನೆನಪಿಡಿ.

ಅಂಕೋಲಾದಿಂದ:

ಮೇಸ್ತ್ರಿಯವರು ತಗಡಿನದು ಹೇಳಿದ್ದಾರೆ, ನಾನು ಕಾಗದದ್ದು ಹೇಳುತ್ತೇನೆ. ಆರ್‌ಟಿಒ ಕೆಲಸ ಮಾಡಿಸಿಕೊಡೋದು ನನ್ನ ವೃತ್ತಿ.

ಮೇಡಂ, "ಆರ್‌ಸಿ ಹೇಗಿದ್ದರೂ ಪರವಾಗಿಲ್ಲ" ಅನ್ನುವವರಿಂದ ದೂರ ಇರಿ. ವರ್ಗಾವಣೆ ಆಗುವವರೆಗೆ ದಾಖಲೆಯಲ್ಲಿ ಕಾರು ನಿಮ್ಮ ಮನೆಯವರದ್ದೇ. ಅದು ಎಲ್ಲಾದರೂ ಅಪಘಾತ ಮಾಡಿದರೆ ನೋಟಿಸ್ ಬರೋದು ದೊಡ್ಡಮ್ಮನ ಬಾಗಿಲಿಗೆ.

ಮೊದಲ ಕೆಲಸ, ಕಾರು ವಾರಸುದಾರರ ಹೆಸರಿಗೆ ಬರಬೇಕು. ಅದಕ್ಕೆ ಫಾರ್ಮ್ 31. ಮಾಲೀಕರು ತೀರಿದ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, 3 ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ನಿಯಮ. ನಿಮ್ಮದು ತಡ ಆಗಿದೆ. ದಂಡ ಬೀಳುತ್ತೆ, ಆದರೆ ಕೆಲಸ ಆಗುತ್ತೆ. ಮರಣ ಪ್ರಮಾಣಪತ್ರ, ಮೂಲ ಆರ್‌ಸಿ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಸಿದ್ಧ ಇಟ್ಟುಕೊಳ್ಳಿ. ಪುಣೆಯ ಅಣ್ಣನ ಸಹಿ ಈಗಲೇ ತೆಗೆದುಕೊಳ್ಳಿ. ಬೆಲೆ ನಿಗದಿಯಾದ ಮೇಲೆ ಸಹಿ ಕೇಳಿದರೆ ಮನೆಯಲ್ಲಿ ಮಾತು ಬೆಳೆಯುತ್ತೆ. ಆರ್‌ಸಿ ಹಳೆ ಪುಸ್ತಕದ ರೂಪದಲ್ಲಿದ್ದರೆ ಅದು ಕಂಪ್ಯೂಟರಿನಲ್ಲಿ ಏರಿದೆಯಾ ಕೇಳಿ. ಇಲ್ಲದಿದ್ದರೆ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆ ದಾಖಲೆಯನ್ನು ಕಂಪ್ಯೂಟರಿಗೆ ಏರಿಸೋದು, ಮಾಡಿಸಬೇಕು. ಅದಿಲ್ಲದೆ ಮುಂದಿನ ಯಾವ ಅರ್ಜಿಯೂ ಕದಲೋದಿಲ್ಲ.

ಎರಡನೆಯದು ನೋಂದಣಿ. ಇಲ್ಲಿ ಎರಡು ದಾರಿ ಇದೆ. ಬೆಲೆ ಮಾತಾಡುವಾಗ ಇದು ಬರುತ್ತೆ, ಹಾಗಾಗಿ ಗೊತ್ತಿರಲಿ.

ಸಾಮಾನ್ಯ ನವೀಕರಣ ಮಾಡಿಸಿದರೆ 5 ವರ್ಷ ರಸ್ತೆಯಲ್ಲಿ ಆರಾಮಾಗಿ ಓಡಿಸಬಹುದು. ಫಿಟ್ನೆಸ್ ಪಾಸಾಗಬೇಕು. ಆದರೆ 2025ರ ಆಗಸ್ಟಿನಿಂದ 20 ವರ್ಷ ದಾಟಿದ ಗಾಡಿಗಳ ಶುಲ್ಕ ಏರಿದೆ. ಇಲ್ಲಿಯ ಕಾರಿಗೆ 10,000, ಆಮದು ಕಾರಿಗೆ 80,000 ರೂಪಾಯಿ. ನಿಮ್ಮದು ಆಮದು ಕಾರು. ತಡ ಆದದ್ದಕ್ಕೆ ತಿಂಗಳಿಗೆ 500ರಂತೆ ಬೇರೆ.

ವಿಂಟೇಜ್ ನೋಂದಣಿ ಆದರೆ ಶುಲ್ಕ 20,000, ಅವಧಿ 10 ವರ್ಷ. ನಂಬರಿನಲ್ಲಿ ವಿಎ ಅಂತ ಬರುತ್ತೆ. ರಾಜ್ಯದ ಸಮಿತಿ ಕಾರು ನೋಡಿ ಒಪ್ಪಬೇಕು. ಅದರಲ್ಲಿ ದಿನಾ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ವಿಂಟೇಜ್ ರ‍್ಯಾಲಿಗೆ, ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ ಮಾತ್ರ. 50 ವರ್ಷವನ್ನು ಮೊದಲ ನೋಂದಣಿಯ ದಿನದಿಂದ ಎಣಿಸುತ್ತಾರೆ. ಹಾಗಾಗಿ ಇಂಗ್ಲೆಂಡಿನ ಹಳೆ ಲಾಗ್ ಬುಕ್ (ಅಲ್ಲಿಯ ನೋಂದಣಿ ಪುಸ್ತಕ) ಸಿಕ್ಕರೆ ಅದು ಬಂಗಾರ. ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿ, ಅಂದರೆ ಕಾರು ಆಮದಾದ ದಾಖಲೆ, ಕೂಡ ಬೇಕೇ ಬೇಕು. ದೊಡ್ಡಪ್ಪನ ಕಪಾಟು, ಟ್ರಂಕು, ಬ್ಯಾಂಕ್ ಲಾಕರ್ ಎಲ್ಲ ಹುಡುಕಿ.

ನನ್ನ ಅಭಿಪ್ರಾಯದಲ್ಲಿ ಯಾವ ದಾರಿ ಅನ್ನೋದನ್ನು ಕೊಳ್ಳುವವರಿಗೆ ಬಿಡಿ. ಕೆಲವರಿಗೆ ಭಾನುವಾರ ಬೆಳಗ್ಗೆ ಓಡಿಸಬೇಕು, ಕೆಲವರಿಗೆ ಸಂಗ್ರಹದಲ್ಲಿ ಇಟ್ಟರೆ ಸಾಕು. ನೀವು ಹೆಸರು ವರ್ಗಾವಣೆ ಮಾತ್ರ ಮುಗಿಸಿ. ಅಷ್ಟು ಮಾಡಿದರೆ ಎದುರಿನವರು ಬೆಲೆ ತಗ್ಗಿಸುವ ಅರ್ಧ ಕಾರಣ ಹೋಗುತ್ತೆ.

ಇನ್ನೊಂದು ಮಾತು. ಪೂರ್ತಿ ನಗದು ಬೇಡ. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ಪಡೆಯೋದು ಆದಾಯ ತೆರಿಗೆ ಕಾಯ್ದೆಯ ಪ್ರಕಾರ ತಪ್ಪು. ಎಷ್ಟು ಪಡೆದಿರೋ ಅಷ್ಟೇ ದಂಡ ಹಾಕುವ ಅವಕಾಶ ಇದೆ. ಬ್ಯಾಂಕಿನ ಮೂಲಕವೇ ಬರಲಿ.

ಸದಾಶಿವಗಡ:

ಇಬ್ಬರಿಗೂ ತುಂಬಾ ಧನ್ಯವಾದ. ಮೇಸ್ತ್ರಿಯವರು ಹೇಳಿದಂತೆ ಕೋಡಿಬಾಗದ ಒಬ್ಬ ಹಳೆ ಮೆಕ್ಯಾನಿಕ್‌ನನ್ನು ಕರೆಸಿ ಎಲ್ಲ ನೋಡಿಸಿದೆ. ಅವರೂ ಎಂಜಿನ್ ನೋಡಿದ ತಕ್ಷಣ "ಇದು ಅಂಬಾಸಿಡರಿನ ಪೈಕಿ" ಅಂದರು.

ಚಾಸಿ ನಂಬರ್ ಜಿಎಚ್‌ಎನ್5, ಎಂಜಿನ್ 18ವಿ. ಎರಡೂ ಆರ್‌ಸಿಗೆ ಸರಿಯಾಗಿ ಹೊಂದುತ್ತವೆ. ಬಲಗಡೆ ಸಿಲ್ ಪೂರ್ತಿ ಅಯಸ್ಕಾಂತ ಹಿಡಿಯಿತು. ಎಡಗಡೆ ಮುಂದಿನ ಭಾಗದಲ್ಲಿ ಒಂದು ಗೇಣು ಉದ್ದಕ್ಕೆ ಹಿಡಿಯಲೇ ಇಲ್ಲ. ಎಡಗಡೆ ಜಾಕ್ ಎತ್ತಿದಾಗ ಬಾಗಿಲ ಸಂದಿ ಸ್ವಲ್ಪ ಕಿರಿದಾಯಿತು, ಬಲಗಡೆ ಆಗಲಿಲ್ಲ. ಎಡ ಸೀಟಿನ ಮುಂದೆ ತಳದಲ್ಲಿ ತೂತು ಇದೆ. ಒಂದು ಬ್ಯಾಟರಿ ಪೆಟ್ಟಿಗೆ ಪೂರ್ತಿ ಹೋಗಿದೆ. ಹಿಂದಿನ ಸ್ಪ್ರಿಂಗ್ ಕೂರುವ ಜಾಗ ಗಟ್ಟಿ ಇದೆ. ಶೆಡ್ಡಿನ ಎಡ ಗೋಡೆಗೆ ಮಳೆಗಾಲದಲ್ಲಿ ಇರಚಲು ಹೊಡೆಯುತ್ತೆ, ಅದಕ್ಕೇ ಒಂದೇ ಬದಿ ಹೀಗಾಗಿರಬೇಕು ಅಂದರು.

ಎಂಜಿನ್ ಕೈಯಲ್ಲಿ ತಿರುಗಿತು. ಕ್ಲಚ್ ಬಿಡುತ್ತಿಲ್ಲ. ಎರಡು ಚಕ್ರದ ಬ್ರೇಕ್ ಹಿಡಿದುಕೊಂಡಿವೆ. ಹುಡ್ ಬಟ್ಟೆ ಹರಿದಿದೆ, ಚೌಕಟ್ಟು ಚೆನ್ನಾಗಿದೆ. ಟೈರ್ ಎಲ್ಲ ಒಣಗಿ ಬಿರುಕು ಬಿಟ್ಟಿವೆ.

ಕಾಗದದ ವಿಷಯಕ್ಕೆ ಸಂತೋಷದ ಸುದ್ದಿ. ದೊಡ್ಡಪ್ಪ ಎಲ್ಲವನ್ನೂ ಒಂದು ಬಿಸ್ಕೆಟ್ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದರು. ಇಂಗ್ಲೆಂಡಿನ ಲಾಗ್ ಬುಕ್, ಮುಂಬೈ ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿ, ಸರ್ವಿಸ್ ಬಿಲ್ಲುಗಳು, ಮೂಲ ಜಾಕ್ ಮತ್ತು ಚಕ್ರ ಬಿಚ್ಚುವ ತಾಮ್ರದ ಸುತ್ತಿಗೆ ಕೂಡ. ಒಂದು ಬಿಲ್ಲಿನಲ್ಲಿ ಓವರ್‌ಡ್ರೈವ್ ರಿಪೇರಿ ಅಂತ ಇದೆ, ಅಂದರೆ ಓವರ್‌ಡ್ರೈವ್ ಇದೆ. ಫಾರ್ಮ್ 31 ಅರ್ಜಿ ಹಾಕಿದ್ದೇವೆ. ಅಣ್ಣನ ಸಹಿಯೂ ಬಂತು.

ಈಗ ಹೇಳಿ, ಎಷ್ಟು?

ಅಂಬಾಸಿಡರ್ ಮೇಸ್ತ್ರಿ, ಶಿರಸಿ:

ಬಹಳ ಒಳ್ಳೆ ಕೆಲಸ ಮಾಡಿದಿರಿ. ಆ ಡಬ್ಬಿ ಇಟ್ಟ ದೊಡ್ಡಪ್ಪನಿಗೆ ನನ್ನ ನಮಸ್ಕಾರ. ಹಳೆ ಕಾರಿನ ಮಾಲೀಕರು ಹೀಗಿರಬೇಕು.

ಲೆಕ್ಕ ಹೀಗೆ ಹಾಕಿ. ಎಲ್ಲ ಕೆಲಸ ಮುಗಿದು, ಕಾಗದ ಸರಿ ಇದ್ದು, ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿ ವಾಪಸ್ ಬರುವಷ್ಟು ಗಟ್ಟಿ ಇರುವ ಇಂಥ ಕಾರಿಗೆ, ನಿಜವಾಗಿ ಚೆಕ್ ಬರೆಯುವ ಗಿರಾಕಿ ಎಷ್ಟು ಕೊಡುತ್ತಾನೆ? ನನ್ನ ಅಂದಾಜು 13ರಿಂದ 14 ಲಕ್ಷ. ಇದು ನನ್ನ ಒಬ್ಬನ ಮಾತು. ಬೆಂಗಳೂರಿನ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್‌ನವರನ್ನೂ ಕೇಳಿ ಹೋಲಿಸಿ. ಸದ್ಯಕ್ಕೆ 13.5 ಅಂತ ಇಟ್ಟುಕೊಳ್ಳೋಣ.

ಇದರಿಂದ ಕಳೆಯುತ್ತ ಹೋಗೋದು. ಎಡ ಸಿಲ್ ಮೂರೂ ಪದರ, ತಳ, ಬ್ಯಾಟರಿ ಪೆಟ್ಟಿಗೆ: ಪ್ಯಾನೆಲ್ ಇಂಗ್ಲೆಂಡಿನಿಂದ ತರಿಸಿ, ಕಾರು ಬಗ್ಗದಂತೆ ಬಾಗಿಲ ಜಾಗಕ್ಕೆ ಅಡ್ಡ ಕಂಬಿ ಕಟ್ಟಿ ವೆಲ್ಡ್ ಮಾಡಬೇಕು. ತಿಳಿದವನ ಕೈಯಲ್ಲಿ 2.75 ಲಕ್ಷ ಆಗುತ್ತೆ. ಬ್ರೇಕ್, ಮಾಸ್ಟರ್ ಸಿಲಿಂಡರ್, ಪೆಟ್ರೋಲ್ ಟ್ಯಾಂಕ್, ಹೋಸು, ಕಾರ್ಬೊರೇಟರ್ ಎಲ್ಲ ಸೇರಿ 90,000. ಕ್ಲಚ್ 60,000. ಕ್ಲಚ್ ಪ್ಲೇಟ್ ಸುಮ್ನೆ ಅಂಟಿರಲೂಬಹುದು. ಆದರೆ ಎಂಜಿಬಿಯಲ್ಲಿ ಕ್ಲಚ್ ಬದಲಿಸೋಕೆ ಎಂಜಿನ್ ಹೊರಗೆ ತೆಗೆಯಬೇಕು, ಗಿರಾಕಿ ಅದನ್ನು ಕೆಟ್ಟಿದ್ದು ಅಂತಲೇ ಎಣಿಸುತ್ತಾನೆ. ಟೈರು ಮತ್ತು ಸ್ಪೋಕ್ ಬಿಗಿ ಮಾಡಿಸೋದು 75,000. ಹುಡ್ 50,000. ಸಿಲ್ ಕೆಲಸದ ಮೇಲೆ ಪೇಂಟ್ ತಪ್ಪೋದಿಲ್ಲ, 1.5 ಲಕ್ಷ. ಒಟ್ಟು 7 ಲಕ್ಷ.

ಉಳಿಯಿತು 6.5. ಬಿಚ್ಚಿದ ಮೇಲೆ ಮಾತ್ರ ಕಾಣುವ ತೊಂದರೆಗೆ, ಗಿರಾಕಿಯ ಓಡಾಟಕ್ಕೆ, ಕಾಯುವ ವರ್ಷಕ್ಕೆ ಇನ್ನೂ 75,000 ಬಿಡಿ. ಚೌಕಾಶಿಗೆ ಜಾಗ ಇರಲಿ ಅಂತ ಜಾಹೀರಾತಿನಲ್ಲಿ 7 ಲಕ್ಷ ಹಾಕಿ. 5.75ಕ್ಕಿಂತ ಕೆಳಗೆ ಇಳಿಯಬೇಡಿ.

ಅಣ್ಣನಿಗೆ ಬೇಸರ ಆಗಬಹುದು. ಆ 7 ಲಕ್ಷದ ಕೆಲಸ ನಾವೇ ಮಾಡಿಸಿ 13.5ಕ್ಕೆ ಮಾರೋಣ ಅಂತ ಅವರು ಹೇಳಿಯಾರು. ಬೇಡ. ಆ ಖರ್ಚು ಹೇಳಿದಷ್ಟಕ್ಕೆ ನಿಲ್ಲೋದಿಲ್ಲ, ಪಾರ್ಟ್ ಬರುವುದಕ್ಕೇ ತಿಂಗಳುಗಳು ಬೇಕು, ಪುಣೆಯಲ್ಲಿ ಕೂತು ಇಲ್ಲಿಯ ವೆಲ್ಡಿಂಗ್ ನೋಡಿಕೊಳ್ಳೋಕೆ ಆಗೋದಿಲ್ಲ. ಹೊಸ ಮಾಲೀಕನಿಗೆ ತನ್ನ ಕಣ್ಣೆದುರು ಕೆಲಸ ಆಗಬೇಕು ಅಂತ ಆಸೆ ಇರುತ್ತೆ. ಅವನಿಗೇ ಬಿಡಿ.

ನೀವು ಮಾಡಬೇಕಾದ್ದು ಸಣ್ಣದು. ಹಿಡಿದ ಎರಡು ಬ್ರೇಕ್ ಬಿಡಿಸಿ, ಲಾರಿಗೆ ಏರಿಸುವಾಗ ಉರುಳಬೇಕು. ಟ್ಯಾಂಕ್ ಖಾಲಿ ಮಾಡಿ ತೊಳೆಸಿ. ಹೊರಗಿನ ಡಬ್ಬಿಯಿಂದ ಹೊಸ ಪೆಟ್ರೋಲ್ ಕೊಟ್ಟು, ಹೊಸ ಹೋಸ್ ಹಾಕಿ, ಆ ಕೋಡಿಬಾಗದ ಮೆಕ್ಯಾನಿಕ್ ಎದುರಲ್ಲೇ ಎಂಜಿನ್ ಒಮ್ಮೆ ಓಡಿಸಿ. ಪಕ್ಕದಲ್ಲಿ ಅಗ್ನಿಶಾಮಕ ಸಿಲಿಂಡರ್ ಇರಲಿ. ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಮೀಟರಿನ ವಿಡಿಯೋ ತೆಗೆಯಿರಿ. ಎಂಜಿನ್ ಏರಿಸಿದಾಗ 50ಕ್ಕಿಂತ ಮೇಲೆ ತೋರಿಸಿದರೆ ಗಿರಾಕಿಗೆ ಅರ್ಧ ಭಯ ಹೋಗುತ್ತೆ. ಇದಕ್ಕೆಲ್ಲ 25,000 ದಾಟಬಾರದು.

ಇನ್ನೊಂದು. ಇಂಗ್ಲೆಂಡಿನ ಗೇಡನ್ ಎಂಬಲ್ಲಿ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಇದೆ. ಚಾಸಿ ನಂಬರ್ ಕೊಟ್ಟು ಶುಲ್ಕ ಕಟ್ಟಿದರೆ ಕಾರ್ಖಾನೆ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತಾರೆ. ತಯಾರಾದ ದಿನ, ಮೂಲ ಬಣ್ಣ, ಮೂಲ ಎಂಜಿನ್ ನಂಬರ್ ಅದರಲ್ಲಿರುತ್ತೆ. ಮೂಲ ಬಣ್ಣವೂ ಹಸಿರೇ ಆಗಿದ್ದರೆ 7 ಲಕ್ಷದ ಮೇಲೆ ಗಟ್ಟಿಯಾಗಿ ನಿಲ್ಲಿ.

ಹೊನ್ನಾವರ ಜೀಪು:

ನಾನು ನಮ್ಮ ತಂದೆಯ ಹಳೆ ಜೀಪು ಮಾರಿದವನು, ಗಿರಾಕಿಗಳ ವಿಷಯ ಅಷ್ಟೇ ಹೇಳುತ್ತೇನೆ. ಫೋನ್ ತುಂಬಾ ಬರುತ್ತೆ. "ಲಾಸ್ಟ್ ಎಷ್ಟು" ಅಂತ ಮೊದಲ ವಾಕ್ಯದಲ್ಲೇ ಕೇಳುವವರು ನೋಡೋಕೆ ಬರೋದಿಲ್ಲ. ಚಾಸಿ ನಂಬರಿನ ಫೋಟೋ, ತಳದ ಫೋಟೋ ಕೇಳುವವರು ಬರುತ್ತಾರೆ. ಅವರಿಗೆ ಸಮಯ ಕೊಡಿ. ತೂತಿನ ಫೋಟೋ ನೀವೇ ಮೊದಲು ಹಾಕಿ. ಬೆಂಗಳೂರಿನಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದವರು ಇಲ್ಲಿ ತೂತು ನೋಡಿದರೆ ಸಿಟ್ಟಿಗೆ ಒಂದು ಲಕ್ಷ ಕಡಿಯುತ್ತಾರೆ. ಮೊದಲೇ ನೋಡಿ ಬಂದವರು ಅದರ ಬಗ್ಗೆ ಮಾತೇ ಎತ್ತೋದಿಲ್ಲ. ಟೋಕನ್ ಅಡ್ವಾನ್ಸ್ ಪಡೆದರೆ ಎಷ್ಟು ದಿನದ ಒಳಗೆ ಉಳಿದದ್ದು ಕೊಡಬೇಕು ಅಂತ ಬರೆದು ಸಹಿ ಹಾಕಿಸಿ. ಸಾಗಿಸುವ ಖರ್ಚು ಕೊಳ್ಳುವವರದ್ದು ಅಂತಲೂ ಬರೆಯಿರಿ. ಗೋವಾ ಕಡೆಯವರನ್ನು ಬಿಡಬೇಡಿ, ಮಾಜಾಳಿ ದಾಟಿದರೆ ಗೋವಾ, ಅಲ್ಲಿ ಹಳೆ ಕಾರಿನ ಹುಚ್ಚು ಇರುವ ಮನೆಗಳಿವೆ. ಆದರೆ ಹೊರ ರಾಜ್ಯಕ್ಕೆ ಹೋದರೆ ಆರ್‌ಟಿಒದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕು.

ಅಂಕೋಲಾದಿಂದ:

ಹೌದು, ಫಾರ್ಮ್ 28. ಮಾರಾಟಕ್ಕೆ 29 ಮತ್ತು 30. ಯಾವುದಕ್ಕೂ ಖಾಲಿ ಫಾರ್ಮಿಗೆ ದೊಡ್ಡಮ್ಮನ ಸಹಿ ಹಾಕಿಸಬೇಡಿ. ಕೊಳ್ಳುವವರ ಹೆಸರು, ವಿಳಾಸ, ದಿನಾಂಕ ತುಂಬಿದ ಮೇಲೆಯೇ ಸಹಿ.

ಸದಾಶಿವಗಡ:

ಅಣ್ಣನ ಜೊತೆ ಈ ಲೆಕ್ಕ ಇಟ್ಟುಕೊಂಡು ಫೋನಿನಲ್ಲಿ ಕೂತೆ. ಒಂದೊಂದೇ ಕಳೆಯುತ್ತ ಬಂದಾಗ ಅವನೂ ಒಪ್ಪಿದ. ಎಂಜಿನ್ ಓಡಿತು, ಆಯಿಲ್ ಪ್ರೆಶರ್ 55ರ ಹತ್ತಿರ ನಿಂತಿತು. ದೊಡ್ಡಮ್ಮ ಶೆಡ್ಡಿನ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದರು. ಜಾಹೀರಾತು ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ:

"1973 ಎಂಜಿಬಿ ರೋಡ್‌ಸ್ಟರ್, ಬಲಗಡೆ ಸ್ಟಿಯರಿಂಗ್, ಓವರ್‌ಡ್ರೈವ್ ಇದೆ. ಭಾರತದಲ್ಲಿ ಒಂದೇ ಕುಟುಂಬದ ಕೈಯಲ್ಲಿದ್ದದ್ದು. ಕೆಎ 30 ನೋಂದಣಿ, ಅವಧಿ 2019ಕ್ಕೆ ಮುಗಿದಿದೆ, ನವೀಕರಣ ಅಥವಾ ವಿಂಟೇಜ್ ನೋಂದಣಿ ಕೊಳ್ಳುವವರ ಆಯ್ಕೆ. ಬಿಲ್ ಆಫ್ ಎಂಟ್ರಿ, ಇಂಗ್ಲೆಂಡಿನ ಲಾಗ್ ಬುಕ್, ಹಳೆ ಬಿಲ್ಲುಗಳು ಇವೆ. ಚಾಸಿ, ಎಂಜಿನ್ ನಂಬರ್ ಆರ್‌ಸಿಗೆ ಹೊಂದುತ್ತವೆ. ಎಂಜಿನ್ ಓಡುತ್ತದೆ, ವಿಡಿಯೋ ಇದೆ. ಕಾರು ರಸ್ತೆಗೆ ಸಿದ್ಧ ಇಲ್ಲ. ಎಡ ಸಿಲ್, ಎಡ ತಳ, ಒಂದು ಬ್ಯಾಟರಿ ಪೆಟ್ಟಿಗೆ ತುಕ್ಕು ತಿಂದಿವೆ, ಫೋಟೋ ನೋಡಿ. ಕ್ಲಚ್ ಬಿಡುತ್ತಿಲ್ಲ. ಬ್ರೇಕ್, ಟೈರ್, ಹುಡ್ ಹೊಸದು ಬೇಕು. ಬಿಡಿಭಾಗ ಮಾಡಿ ಮಾರುವವರಿಗೆ ಕೊಡುವುದಿಲ್ಲ. ಕಾರು ಕಾರವಾರದಲ್ಲಿದೆ, ಸಾಗಣೆ ಕೊಳ್ಳುವವರದ್ದು. ಬೆಲೆ 7 ಲಕ್ಷ, ಮಾತಾಡಬಹುದು."

ಅಂಬಾಸಿಡರ್ ಮೇಸ್ತ್ರಿ, ಶಿರಸಿ:

ಚೆನ್ನಾಗಿದೆ. "ಮಾತಾಡಬಹುದು" ಅನ್ನೋದನ್ನು ತೆಗೆಯಿರಿ. ಅದನ್ನು ಓದಿದವನು 5ರಿಂದ ಶುರು ಮಾಡುತ್ತಾನೆ. ಅದರ ಜಾಗದಲ್ಲಿ "ಕಾರು ನೋಡಿದ ಮೇಲೆ ಮಾತು" ಅಂತ ಹಾಕಿ. ಯಾರಾದರೂ ನೋಡೋಕೆ ಬಂದು ತಗಡಿನ ಬಗ್ಗೆ ತಕರಾರು ತೆಗೆದರೆ ನನಗೆ ಫೋನ್ ಕೊಡಿಸಿ. ಭಾನುವಾರ ಆದರೆ ನಾನೇ ಕಾರವಾರಕ್ಕೆ ಇಳಿದು ಬರುತ್ತೇನೆ, ಅವರ ಎದುರೇ ಜಾಕ್ ಎತ್ತಿ ತೋರಿಸೋಣ.